ಹಳೇ ಕರ್ನಲ್‌ಗೆ ಸಪೋರ್ಟ್ ಎಲ್ಲೀವರೆಗೆ? ಇಬಿಪಿಎಫ್ ಟ್ರೇಸಿಂಗ್ ಲೈಬ್ರರಿ ವಿಷಯ

ಪ್ರೋಬ್‌ಮನೆ:
ನಮಸ್ಕಾರ ಎಲ್ಲರಿಗೂ. ಸಿ ಭಾಷೇಲಿ ಒಂದು ಸಣ್ಣ ಟ್ರೇಸಿಂಗ್ ಲೈಬ್ರರಿ ನೋಡ್ಕೋತಿದೀನಿ, ಒಳಗೆ ಲಿಬ್‌ಬಿಪಿಎಫ್ (ಇಬಿಪಿಎಫ್, ಅಂದ್ರೆ ಲಿನಕ್ಸ್ ಕರ್ನಲ್ ಒಳಗೇ ಓಡೋ ಸಣ್ಣ ಪ್ರೋಗ್ರಾಂಗಳನ್ನ ಲೋಡ್ ಮಾಡೋ ಲೈಬ್ರರಿ) ಇದೆ. ಯಾವ ಪ್ರೋಸೆಸ್ ಯಾವ ಫೈಲ್ ಓಪನ್ ಮಾಡ್ತು ಅಂತ ಕರ್ನಲ್ ಒಳಗೇ ಹಿಡಿದು ಮೇಲಕ್ಕೆ ಕಳಿಸೋದು, ಅಷ್ಟೇ ಅದರ ಕೆಲಸ. ಹಾಗೆ ಕಳಿಸೋಕೆ ಬಳಸೋ ರಿಂಗ್ ಬಫರ್ ಬಂದಿದ್ದು ಕರ್ನಲ್ 5.8ರಲ್ಲಿ, ಹಾಗಾಗಿ ಅದಕ್ಕಿಂತ ಕೆಳಗಿನದ್ದು ಬೇಡ ಅಂತ ಶುರುಮಾಡಿದ್ದೆ, ಆದ್ರೆ ಬಳಸೋರು ಕೇಳಬೇಕಲ್ಲ, ಒಬ್ರದ್ದು ಆರ್‌ಎಚ್‌ಇಎಲ್ (ರೆಡ್ ಹ್ಯಾಟ್‌ನ ಲಿನಕ್ಸ್) 8ರ 4.18, ಇನ್ನೊಬ್ರದ್ದು 4.14.

ಯುನೇಮ್ (ಕರ್ನಲ್ ವರ್ಷನ್ ತೋರಿಸೋ ಕಮಾಂಡ್) ನೋಡಿ ನಿರ್ಧಾರ ಮಾಡೋದು ತಪ್ಪು ಅಂತ ಎಲ್ಲ ಕಡೆ ಓದಿದ್ದೆ, ಅದಕ್ಕೇ ನೇರವಾಗಿ ಬಿಪಿಎಫ್ ಸಿಸ್ಟಮ್ ಕಾಲ್ ಮಾಡಿ 256 ಕೆಬಿಯ ರಿಂಗ್ ಬಫರ್ ಮ್ಯಾಪ್ (ಬಿಪಿಎಫ್ ಡೇಟಾ ಇಡೋ ಜಾಗ) ಮಾಡೋಕೆ ಟ್ರೈ ಮಾಡ್ತೀನಿ, ಆಯ್ತು ಅಂದ್ರೆ ಇದೆ, ಆಗ್ಲಿಲ್ಲ ಅಂದ್ರೆ ಇಲ್ಲ, ಆಗ ಹಳೇ ವಿಧಾನವಾದ ಪರ್ಫ್ ಬಫರ್‌ಗೆ ಹೋಗ್ತೀನಿ. ಈಗ ವಿಚಿತ್ರ ಏನಂದ್ರೆ 5.10 ಇರೋ ಒಂದು ಮಷೀನ್‌ನಲ್ಲಿ ರಿಂಗ್ ಬಫರ್ ಇಲ್ಲ ಅಂತ ಬರ್ತಿದೆ, ರೂಟ್ ಆಗೇ ಓಡಿಸ್ತಿದೀನಿ. ಅದೇ ಬೈನರಿ 5.15ರಲ್ಲಿ ಸರಿಯಾಗಿದೆ. ಎರಡನೇದು, 4.14ರಲ್ಲಿ ಓಪನ್‌ಅಟ್ (ಫೈಲ್ ತೆರೆಯೋ ಸಿಸ್ಟಮ್ ಕಾಲ್) ಮೇಲೆ ಕೆಪ್ರೋಬ್ (ಕರ್ನಲ್ ಫಂಕ್ಷನ್‌ಗೆ ಸಿಕ್ಕಿಸೋ ಕೊಂಡಿ) ಹಾಕಿದ್ರೆ ಫೈಲ್ ಹೆಸರಿನ ಜಾಗದಲ್ಲಿ ಕಸ ಬರತ್ತೆ. ಇಷ್ಟೆಲ್ಲಾ ಪಾಡು ಪಟ್ಟು ಹಳೇದನ್ನ ಉಳಿಸ್ಕೋಬೇಕಾ ಹೇಳಿ.

ವೆರಿಫೈಯರ್‌ಗೆಳೆಯ:
5.10ರದ್ದು ನೋಡಿದ ಕೂಡ್ಲೆ ಅನುಮಾನ ಬಂತು. ಎರರ್ ನಂಬರ್ ಪ್ರಿಂಟ್ ಮಾಡಿ, ಇಪರ್ಮ್ (ಪರ್ಮಿಷನ್ ಇಲ್ಲ ಅನ್ನೋ ಎರರ್) ಬಂದಿರತ್ತೆ. 5.11ಕ್ಕಿಂತ ಮುಂಚೆ ಬಿಪಿಎಫ್ ಮ್ಯಾಪ್‌ಗೆ ಬೇಕಾದ ಮೆಮೊರಿಯೆಲ್ಲಾ ಮೆಮ್‌ಲಾಕ್ ಲಿಮಿಟ್ (ಲಾಕ್ ಮಾಡಿಡಬಹುದಾದ ಮೆಮೊರಿಯ ಮಿತಿ) ಲೆಕ್ಕಕ್ಕೆ ಹೋಗ್ತಿತ್ತು, 5.11ರಿಂದ ಅದು ಸಿಗ್ರೂಪ್ (ಪ್ರೋಸೆಸ್ ಗುಂಪಿನ) ಲೆಕ್ಕಕ್ಕೆ ಬಂತು. ಆ ಲಿಮಿಟ್ ಎಷ್ಟೋ ಕಡೆ 64 ಕೆಬಿ ಇರತ್ತೆ, ನೀವು ಕೇಳ್ತಿರೋದು 256, ಸಿಗೋದು ಹೇಗೆ. ರೂಟ್ ಆಗಿದ್ರೂ ಇದರಿಂದ ತಪ್ಪಿಸ್ಕೊಳ್ಳೋಕೆ ಆಗಲ್ಲ. ಮೆಮೊರಿ ಸಾಲಲಿಲ್ಲ ಅನ್ನೋ ಬದಲು ಪರ್ಮಿಷನ್ ಇಲ್ಲ ಅಂತ ಎರರ್ ಕೊಡತ್ತಲ್ಲ, ಅದರಿಂದ ಎಲ್ರೂ ದಾರಿ ತಪ್ತಾರೆ.

ಲಿಬ್‌ಬಿಪಿಎಫ್ 1.0ರಿಂದ ಈ ಲಿಮಿಟ್ ಅದೇ ಏರಿಸ್ಕೊಳ್ಳತ್ತೆ, ಆದ್ರೆ ನಿಮ್ಮ ಪ್ರೋಬ್ ಅದಕ್ಕೂ ಮುಂಚೆ, ಅದನ್ನ ಬಿಟ್ಟು ನೇರ ಕಾಲ್ ಮಾಡ್ತಿದೆ. ಹಾಗಾಗಿ ಮೊದಲು ಲಿಮಿಟ್ ಏರಿಸಿ, ಪ್ರೋಬ್ ಮಾಡೋ ಮ್ಯಾಪ್‌ಗೆ ಒಂದೇ ಒಂದು ಪೇಜ್ ಸೈಜ್ ಸಾಕು. ಇನ್ನೊಂದು ಮುಖ್ಯ, ಫೇಲ್ ಆದದ್ದನ್ನೆಲ್ಲಾ ಇಲ್ಲ ಅಂತ ಓದ್ಬೇಡಿ. ಆ ಮ್ಯಾಪ್ ಟೈಪ್ ಗೊತ್ತಿಲ್ದೇ ಇರೋ ಕರ್ನಲ್ ಇನ್ವಾಲ್ (ಆರ್ಗ್ಯುಮೆಂಟ್ ಸರಿಯಿಲ್ಲ ಅನ್ನೋ ಎರರ್) ಕೊಡತ್ತೆ, ಅದು ನಿಜವಾದ ಇಲ್ಲ. ಇಪರ್ಮ್ ಅಂದ್ರೆ ಗೊತ್ತಾಗ್ಲಿಲ್ಲ ಅಂತ ಅರ್ಥ, ಅದನ್ನ ಬಳಸೋರಿಗೆ ಹಾಗೇ ಹೇಳ್ಬೇಕು, ಸುಮ್ನೆ ಪರ್ಫ್ ಬಫರ್‌ಗೆ ಜಾರ್ಬಾರ್ದು.

ಹಳೇಕರ್ನಲ್:
4.14ರ ಕಸದ ಬಗ್ಗೆ. ನಿಮ್ಮ ಕೋಡ್ ಹೊಸ ಕರ್ನಲ್ ನೋಡ್ಕೊಂಡು ಬರೆದಿರೋದು ಅನ್ಸತ್ತೆ. ಎಕ್ಸ್86-64ರಲ್ಲಿ 4.17ರಿಂದ ಸಿಸ್ಟಮ್ ಕಾಲ್ ಫಂಕ್ಷನ್‌ಗಳು ರಿಜಿಸ್ಟರ್‌ಗಳಿರೋ ಒಂದೇ ಸ್ಟ್ರಕ್ಚರ್‌ನ ಪಾಯಿಂಟರ್ ತಗೊಳ್ತವೆ, ನಿಜವಾದ ಆರ್ಗ್ಯುಮೆಂಟ್ ಅದರೊಳಗೆ ಇನ್ನೊಂದು ಹೆಜ್ಜೆ ಹೋದ್ರೆ ಸಿಗತ್ತೆ. 4.14ರಲ್ಲಿ ಆ ಹೊದಿಕೆ ಇಲ್ಲ, ಫೈಲ್ ಹೆಸರಿನ ಪಾಯಿಂಟರ್ ನೇರವಾಗಿ ಎರಡನೇ ಆರ್ಗ್ಯುಮೆಂಟ್‌ನಲ್ಲೇ ಇದೆ, ನೀವು ಮೊದಲನೇದನ್ನ, ಅಂದ್ರೆ ಡೈರೆಕ್ಟರಿ ಡಿಸ್ಕ್ರಿಪ್ಟರ್ ನಂಬರ್ರನ್ನ, ಅಡ್ರೆಸ್ ಅಂದ್ಕೊಂಡು ಒಳಗೆ ಹೋಗ್ತಿದೀರ. ಈ ಕೆಲಸಕ್ಕೆ ಕೆಪ್ರೋಬೇ ಬೇಡ, ಓಪನ್‌ಅಟ್ ಎಂಟ್ರಿ ಟ್ರೇಸ್‌ಪಾಯಿಂಟ್ (ಕರ್ನಲ್‌ನಲ್ಲಿ ಮೊದಲೇ ಇಟ್ಟಿರೋ ಟ್ರೇಸಿಂಗ್ ಜಾಗ) ತಗೊಳ್ಳಿ, ಟ್ರೇಸ್‌ಪಾಯಿಂಟ್‌ಗೆ ಬಿಪಿಎಫ್ ಸಿಕ್ಕಿಸೋದು 4.7ರಿಂದಲೇ ಇದೆ, ಎರಡೂ ಕಡೆ ಒಂದೇ ಕೋಡ್ ಓಡತ್ತೆ.

ಬೇರೆ ಫಂಕ್ಷನ್‌ಗೆ ಕೆಪ್ರೋಬ್ ಬೇಕೇಬೇಕು ಅಂದ್ರೆ ಒಂದು ನೆನಪಿರ್ಲಿ. 4.17ಕ್ಕಿಂತ ಹಳೇದ್ರಲ್ಲಿ ಟ್ರೇಸ್‌ಎಫ್‌ಎಸ್‌ನ (ಟ್ರೇಸಿಂಗ್ ಹತೋಟಿಯ ಫೈಲ್‌ಸಿಸ್ಟಮ್) ಕೆಪ್ರೋಬ್ ಈವೆಂಟ್ಸ್ ಫೈಲ್‌ಗೆ ಒಂದು ಸಾಲು ಬರೆದೇ ಪ್ರೋಬ್ ಮಾಡ್ಬೇಕು. ನನ್ನ ಪ್ರೋಗ್ರಾಂ ಒಂದ್ಸಲ ಸಿಗ್‌ಕಿಲ್ ತಿಂದು ಸತ್ತಿತ್ತು, ಆ ಸಾಲು ಹಾಗೇ ಉಳ್ಕೊಂಡು ಮುಂದಿನ ಸಲ ಅದೇ ಹೆಸರಲ್ಲಿ ಪ್ರೋಬ್ ಹಾಕೋಕೇ ಬಿಡ್ಲಿಲ್ಲ, ಈಗಾಗ್ಲೇ ಇದೆ ಅಂತ ಎರರ್, ಅರ್ಧ ದಿನ ಬೇರೆಲ್ಲೋ ಹುಡುಕ್ತಿದ್ದೆ, ಕೊನೆಗೆ ಆ ಫೈಲ್ ಕ್ಯಾಟ್ ಮಾಡಿದಾಗ ಹಳೇ ಸಾಲು ಅಲ್ಲೇ ಕೂತಿತ್ತು. ಹೆಸರಲ್ಲಿ ಪಿಐಡಿ ಸೇರಿಸಿ, ಶುರುವಾದಾಗ ಸತ್ತಿರೋ ಪಿಐಡಿಗಳ ಸಾಲು ತೆಗೆದುಹಾಕಿ.

ಪ್ರೋಬ್‌ಮನೆ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಯುಲಿಮಿಟ್ ನೋಡ್ದೆ, 64 ಅಂತಾನೇ ಇತ್ತು, ಏರಿಸಿದ ತಕ್ಷಣ 5.10ರಲ್ಲಿ ರಿಂಗ್ ಬಫರ್ ಬಂತು. ಟ್ರೇಸ್‌ಪಾಯಿಂಟ್ ಇವತ್ತು ರಾತ್ರಿ ಬರೀತೀನಿ. ಆದ್ರೆ ಬಿಟಿಎಫ್ (ಕರ್ನಲ್ ಸ್ಟ್ರಕ್ಚರ್‌ಗಳ ಟೈಪ್ ಮಾಹಿತಿ) ಕತೆ ಏನು, 4.14ರಲ್ಲಿ ಅದಿಲ್ವಲ್ಲ, ಸ್ಟ್ರಕ್ಚರ್ ಆಫ್‌ಸೆಟ್ ಹೇಗೆ ಸಿಗತ್ತೆ?

ಆಫ್‌ಸೆಟ್ಟು:
ಆಫ್‌ಸೆಟ್ ಹೊಂದಿಸೋ ಕೆಲಸ ಕರ್ನಲ್ ಮಾಡೋದಲ್ಲ, ಲಿಬ್‌ಬಿಪಿಎಫ್ ಯೂಸರ್ ಸ್ಪೇಸಲ್ಲೇ ಮಾಡತ್ತೆ, ಆದ್ರಿಂದ ಆ ಕರ್ನಲ್‌ನ ಡೀಬಗ್ ಇನ್ಫೋ ಸಿಕ್ರೆ ಪಹೋಲ್ ಅನ್ನೋ ಟೂಲ್ ಓಡಿಸಿ ಬಿಟಿಎಫ್ ಫೈಲ್ ತೆಗೆದು ಜೊತೆಗೆ ಕೊಡಬಹುದು. ಬಿಟಿಎಫ್‌ಹಬ್‌ನಲ್ಲಿ ಎಷ್ಟೋ ಡಿಸ್ಟ್ರೋ ಕರ್ನಲ್‌ಗಳದ್ದು ಮಾಡಿಟ್ಟಿದಾರೆ, ಬಿಪಿಎಫ್‌ಟೂಲ್‌ನಿಂದ ನಿಮ್ಗೆ ಬೇಕಾದ ಟೈಪ್‌ಗಳಷ್ಟನ್ನೇ ಕತ್ತರಿಸಿ ಚಿಕ್ಕದು ಮಾಡ್ಕೋಬಹುದು.

ಆದ್ರೂ ನಾನಾದ್ರೆ 4.14 ಬಿಡ್ತೀನಿ, 4.18 ಇಟ್ಕೋತೀನಿ. ನಂಬರ್ ನೋಡಿದ್ರೆ ಎರಡೂ ಹತ್ತಿರ ಅನ್ಸತ್ತೆ, ಹಾಗಿಲ್ಲ. ಆರ್‌ಎಚ್‌ಇಎಲ್ 8 ಹೆಸರಿಗೆ 4.18, ಒಳಗೆ 5.x ಸರಣಿಯ ಬಿಪಿಎಫ್ ಕೋಡ್ ಎಷ್ಟೋ ಬ್ಯಾಕ್‌ಪೋರ್ಟ್ (ಹೊಸದ್ರಿಂದ ಹಳೇದಕ್ಕೆ ತಂದು ಸೇರಿಸೋದು) ಆಗಿದೆ, ನಂತರದ ಅಪ್‌ಡೇಟ್‌ಗಳಲ್ಲಿ ಬಿಟಿಎಫ್ ಕೂಡ ಇದೆ, ಸಪೋರ್ಟ್ ಮೇ 2029ರವರೆಗೆ. 4.14ಕ್ಕೆ ಕರ್ನಲ್ ಡೆವಲಪರ್‌ಗಳೇ ಜನವರಿ 2024ರಲ್ಲಿ ಕೈಬಿಟ್ರು, ಮೇಲಾಗಿ ಅಲ್ಲಿ ಪ್ರೋಗ್ರಾಂ ಒಂದಕ್ಕೆ 4096 ಇನ್‌ಸ್ಟ್ರಕ್ಷನ್ ಮಿತಿ, ಲೂಪ್ ಬರೆಯಂಗಿಲ್ಲ, ಗ್ಲೋಬಲ್ ವೇರಿಯಬಲ್ ಇಲ್ಲ, ಅದನ್ನ ಒಳಗಿಟ್ಕೊಂಡ್ರೆ ನಿಮ್ಮ ಹೊಸ ಕೋಡ್‌ನೂ ಅದೇ ಇಕ್ಕಟ್ಟಲ್ಲಿ ಬರೀಬೇಕಾಗತ್ತೆ. ಒಂದು ವೇಳೆ ಇಟ್ಕೊಂಡ್ರೆ ಎರಡು ಬೇರೆ ಪ್ರೋಗ್ರಾಂ ಬರೆದು ಬೇಡದ್ದರ ಆಟೋಲೋಡ್ ಆಫ್ ಮಾಡಿ, ಒಂದರೊಳಗೇ ಎರಡನ್ನೂ ತುರುಕ್ಬೇಡಿ. ಹಾಗೇ ಪ್ರತಿ ಕಮಿಟ್‌ಗೂ ಆ ಕರ್ನಲ್ಲನ್ನ ಕ್ಯೂಎಮ್ಯು (ವರ್ಚುವಲ್ ಮಷೀನ್) ಒಳಗೆ ಬೂಟ್ ಮಾಡಿ ಟೆಸ್ಟ್ ಓಡಿಸೋಕೆ ಆಗತ್ತಾ ನೋಡಿ. ಆಗಲ್ಲ ಅಂದ್ರೆ ಸಪೋರ್ಟ್ ಇದೆ ಅಂತ ಬರೀಬೇಡಿ, ನಂಬಿ ಹಾಕ್ಕೊಂಡೋರಿಗೆ ಈವೆಂಟ್ ಬರ್ದೇ ಇದ್ರೆ ಅವರು ಅದನ್ನ ಏನೂ ಆಗಿಲ್ಲ ಅಂತ ಓದ್ಕೋತಾರೆ.

ಪ್ರೋಬ್‌ಮನೆ:
ಸರಿ, ಹಾಗಾದ್ರೆ 4.14 ಕೇಳಿದವರಿಗೆ ಇವತ್ತೇ ಹೇಳ್ತೀನಿ, ಹಳೇ ಬ್ರಾಂಚ್ ಒಂದು ತೆಗೆದಿಡ್ತೀನಿ, ಪ್ಯಾಚ್ ಕಳಿಸಿದ್ರೆ ಅದ್ರಲ್ಲೇ ತಗೋತೀನಿ. ಆರ್‌ಎಚ್‌ಇಎಲ್ 8ರ ಕರ್ನಲ್ ಇಮೇಜ್ ಇಟ್ಕೊಂಡು ಕ್ಯೂಎಮ್ಯು ಟೆಸ್ಟ್ ಯಾರಾದ್ರೂ ಆಗ್ಲೇ ಓಡಿಸ್ತಿದ್ರೆ ಸ್ಕ್ರಿಪ್ಟ್ ಹಾಕಿ ಪ್ಲೀಸ್.