ಅಳಿಯನ ನೆಲ ಯಾವಾಗ ಹದಕ್ಕೆ ಬರುತ್ತದೆ?

ಟೊಮೆಟೊ ಗೌಡರ ಅಳಿಯ ಅಮೆರಿಕದ ಮಿನ್ನೆಸೋಟದಲ್ಲಿದ್ದಾನೆ. ಕಂಪ್ಯೂಟರ್ ಕೆಲಸ. ರಜೆ ಬಂದರೆ ಮೆಟಲ್ ಡಿಟೆಕ್ಟರ್ ಹಿಡಿದು ಹಳೆ ನಾಣ್ಯ ಹುಡುಕುತ್ತಾ ಹೋಗುತ್ತಾನೆ. ಮಾರ್ಚ್ ಮುಗಿಯುತ್ತಾ ಬಂತು, ನೆಲ ಇನ್ನೂ ಹದಕ್ಕೆ ಬಂದಿಲ್ಲ ಅಂತ ಫೋನಿನಲ್ಲಿ ಗೋಳಾಡಿದನಂತೆ. ಗೌಡರು ಆ ಗೋಳನ್ನು ಹಾಗೇ ಕೋಲಾರದ ನಮ್ಮ ಟೀ ಅಂಗಡಿಗೆ ತಂದು ಸುರಿದರು.

"ಟ್ರ್ಯಾಕ್ಟರ್ ಹೊಡೆಸೋಕೆ ಹೇಳಿ, ಹದ ತಾನಾಗೇ ಬರುತ್ತೆ" ಅಂದ ಬೋರ್‌ವೆಲ್ ಮಾಮ. ಅವನ ಪ್ರಕಾರ ಲೋಕದ ಯಾವ ಕಷ್ಟವಾದರೂ ಅಗೆದರೆ ಪರಿಹಾರ.

ಮೇಷ್ಟ್ರು ಗ್ಲಾಸು ಕೆಳಗಿಟ್ಟರು. ರಿಟೈರ್ ಆದಮೇಲೆ ವಿಜ್ಞಾನದ ಪಾಠಕ್ಕೆ ನಾವೇ ಅವರ ಕ್ಲಾಸು. "ಅಲ್ಲಿ ಮಣ್ಣೊಳಗಿನ ನೀರೇ ಹೆಪ್ಪುಗಟ್ಟುತ್ತದೆ ಕಣಯ್ಯಾ. ಮನೆ ಪಾಯ 42ರಿಂದ 60 ಇಂಚು ಆಳಕ್ಕೆ ಇಳಿಯಬೇಕು ಅಂತ ಆ ರಾಜ್ಯದಲ್ಲಿ ನಿಯಮವೇ ಇದೆ. ಇಲ್ಲದಿದ್ದರೆ ನೆಲ ಉಬ್ಬಿ ಮನೆಯನ್ನೇ ಎತ್ತುತ್ತದೆ."

"ಐದಡಿಗೇ ನೀರು!" ಮಾಮನ ಕಣ್ಣು ಅಗಲವಾಯಿತು. "ನಾವಿಲ್ಲಿ ಸಾವಿರದಿನ್ನೂರು ಅಡಿ ಕೊರೆದು ಬರೀ ಧೂಳು ಎಬ್ಬಿಸ್ತಾ ಇದ್ದೀವಿ."

ಹೆಪ್ಪುಗಟ್ಟಿದ ನೆಲದಲ್ಲಿ ಮೆಷಿನ್ ಕೂಗಲ್ವಾ ಅಂತ ನಾನು ಕೇಳಿದೆ. ಚೆನ್ನಾಗಿಯೇ ಕೂಗುತ್ತದಂತೆ. ಅದರ ಅಲೆಗೆ ಮಂಜುಗಡ್ಡೆಯ ಹಂಗಿಲ್ಲ. ಕೂಗಿದ ಕಡೆ ಸನಿಕೆ ಇಳಿಯಬೇಕಲ್ಲ, ಅಲ್ಲೇ ತೊಡಕು. ನನ್ನದೊಂದು ಸೊಸೈಟಿ ಡಿಪಾಸಿಟ್ ಹೀಗೇ ಇದೆ. ಪಾಸ್‌ಬುಕ್ಕಿನಲ್ಲಿ ಕೂಗುತ್ತದೆ, ಕೈಗೆ ಬರುವುದಿಲ್ಲ.

"ಬಿಸಿಲು ಬಂದು ಕರಗಿದ ಮೇಲೆ?" ಗೌಡರು ಬಿಡಲಿಲ್ಲ.

"ಅದು ಇನ್ನೂ ಮೋಸ" ಅಂದರು ಮೇಷ್ಟ್ರು. ಕರಗುವುದು ಮೊದಲು ಮೇಲಿನ ನಾಲ್ಕು ಬೆರಳಷ್ಟು. ಅಡಿಯಲ್ಲಿ ಮಂಜು ಬಿಗಿಯಾಗಿ ಕೂತಿರುತ್ತದೆ. ಕರಗಿದ ನೀರಿಗೆ ಇಳಿಯಲು ದಾರಿಯಿಲ್ಲ, ಮೇಲೆಲ್ಲ ಕೆಸರು. ಅಲ್ಲಿನವರು ಹುಲ್ಲನ್ನು ಮಣ್ಣಿನ ಸಮೇತ ಮುಚ್ಚಳದ ಹಾಗೆ ಕೊಯ್ದು ಎತ್ತಿ, ನಾಣ್ಯ ತೆಗೆದು, ಮತ್ತೆ ಹಾಗೇ ಕೂರಿಸಬೇಕು. ಕೆಸರಿನಲ್ಲಿ ಆ ಮುಚ್ಚಳ ಪುಡಿಯಾಗುತ್ತದೆ, ಹುಲ್ಲು ಸಾಯುತ್ತದೆ. ಜಾಗದ ಯಜಮಾನ ಮತ್ತೆ ಗೇಟು ತೆಗೆಯುವುದಿಲ್ಲ.

"ಹಾಗಾದ್ರೆ ಗೊತ್ತಾಗೋದು ಹೇಗೆ?"

"ಒಂದು ಹಿಡಿ ಮಣ್ಣು ತಗೊಂಡು ಮುದ್ದೆ ಕಟ್ಟೋಕೆ ಹೇಳಿ. ಹೆಬ್ಬೆರಳಲ್ಲಿ ಒತ್ತಿದರೆ ಉದುರಿ ಹೋಗಬೇಕು. ಉದುರದೆ ಬರೀ ಗುಳಿ ಬಿದ್ದರೆ ಮನೆಗೆ ಹೋಗಬೇಕು."

"ಮುದ್ದೆನಾ? ಅವನಿಗೆ ಮುರಿಯೋಕೇ ಬರಲ್ಲ ಮೇಷ್ಟ್ರೇ. ಮದುವೆ ಮನೇಲಿ ಚಮಚ ಕೇಳಿದೋನು" ಅಂದರು ಗೌಡರು.

ಹಾಗಿದ್ದರೆ ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚಿ ನೋಡಲಿ ಅಂತ ತೀರ್ಮಾನವಾಯಿತು. ಅದೂ ಒಂದೇ ಕಡೆ ಅಲ್ಲ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಅಲ್ಲಿ ಬಿಸಿಲು ಜಾಸ್ತಿ, ಬೇಗ ಕರಗುತ್ತದೆ. ಮರಳು ಮಣ್ಣು ಬೇಗ ಆರುತ್ತದೆ, ಜೇಡಿ ಮಣ್ಣು ಸತಾಯಿಸುತ್ತದೆ. ಕ್ಯಾಲೆಂಡರ್ ನೋಡಿ ಹೊರಡುವವನಿಗೆ ಕೆಸರೇ ಗತಿ. ಮೇಷ್ಟ್ರ ಈ ಮಾತಿಗೆ ಗೌಡರು ತಲೆ ಆಡಿಸಿದರು. ಬರೀ ತಾರೀಖು ನೋಡಿಕೊಂಡು ಯಾವ ರೈತ ನೇಗಿಲು ಕಟ್ಟುತ್ತಾನೆ?

"ಅಷ್ಟು ಕಷ್ಟ ಯಾಕೆ, ಇಲ್ಲಿಗೇ ಕರೆಸಿ" ಅಂದ ಮಾಮ. "ನಮ್ಮಲ್ಲಿ ಮಂಜೂ ಇಲ್ಲ, ಕೆಸರೂ ಇಲ್ಲ."

ಅದು ನಿಜ. ನಮ್ಮ ಚಳಿಗಾಲ ಮಂಕಿ ಕ್ಯಾಪಿನಲ್ಲಿ ಶುರುವಾಗಿ ಮಂಕಿ ಕ್ಯಾಪಿನಲ್ಲೇ ಮುಗಿಯುತ್ತದೆ, ನೆಲಕ್ಕೆ ಸುದ್ದಿಯೇ ಮುಟ್ಟಲ್ಲ. ಆದರೆ ಶಿವರಾತ್ರಿ ಕಳೆದ ಮೇಲೆ ನಮ್ಮ ಕೆಂಪು ನೆಲಕ್ಕೆ ಹಾರೆ ಹಾಕಿ ನೋಡಿ, ಮೊಣಕೈ ಝುಮ್ ಅನ್ನುತ್ತದೆ. ಅವರು ನೀರು ಹೋಗಲಿ ಅಂತ ಕಾದರೆ ನಾವು ನೀರು ಬರಲಿ ಅಂತ ಕಾಯಬೇಕು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರಲ್ಲ, ಸನಿಕೆಗೂ ಅದೇ ಮಳೆ ಬರಬೇಕು. ಸಾಲದ್ದಕ್ಕೆ ನಮ್ಮ ಮಣ್ಣು ಕೆಂಪಗಿರುವುದೇ ಕಬ್ಬಿಣದ ಅಂಶದಿಂದ. ಮಣ್ಣಿನ ಕಬ್ಬಿಣಕ್ಕೆ ಕಿವಿಗೊಡದ ಹಾಗೆ ಮೆಷಿನ್ ಹೊಂದಿಸುವುದಕ್ಕೆ ಗ್ರೌಂಡ್ ಬ್ಯಾಲೆನ್ಸ್ ಅಂತಾರೆ. ಅದನ್ನು ಸರಿಮಾಡದಿದ್ದರೆ ಮೆಷಿನ್ ಸುಮ್ನೆ ಹೆಜ್ಜೆ ಹೆಜ್ಜೆಗೂ ಗೊಣಗುತ್ತದೆ.

ಮಾಮ ಇದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಅವನ ಮನಸ್ಸು ಆಗಲೇ ಕೆಜಿಎಫ್ ತಲುಪಿತ್ತು. "2001ರಲ್ಲಿ ಗಣಿ ಮುಚ್ಚಿದರೂ ಚಿನ್ನ ಪೂರ್ತಿ ಮುಗಿದಿಲ್ಲ, ಅಲ್ವಾ ಮೇಷ್ಟ್ರೇ?"

"ಮುಗಿದಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ನಿನ್ನ ಮೆಷಿನ್ ಒಂದು ನಾಣ್ಯವನ್ನು ಒಂದಡಿ ಆಳದಲ್ಲಿ ಕಂಡರೆ ಅದೇ ದೊಡ್ಡದು. ಟನ್ ಕಲ್ಲು ಅರೆದರೆ ಸಿಗುವ ನಾಲ್ಕು ಗ್ರಾಂ ಚೂರಿಗೆ ಅದು ಬಾಯಿ ಬಿಡಲ್ಲ. ಕೋಲ್ಡ್ ಡ್ರಿಂಕ್ ಡಬ್ಬಿ ತೆರೆಯಲು ಎಳೆಯುವ ಅಲ್ಯೂಮಿನಿಯಂ ಕಿವಿ ಸಿಕ್ಕರೆ ಮಾತ್ರ ಥೇಟ್ ಚಿನ್ನದ ಉಂಗುರದ ಹಾಗೇ ಕೂಗುತ್ತದೆ."

ಅಷ್ಟು ಹೊತ್ತು ಪೇಪರ್ ಓದುತ್ತಿದ್ದ ಲಾಯರು ಈಗ ತಲೆ ಎತ್ತಿದರು. ಸೋಮೇಶ್ವರ, ಕೋಲಾರಮ್ಮ ದೇವಸ್ಥಾನದಂಥ ಸಂರಕ್ಷಿತ ಜಾಗದಲ್ಲಿ ಅನುಮತಿಯಿಲ್ಲದೆ ಅಗೆಯುವಂತಿಲ್ಲ, 1958ರ ಕಾಯ್ದೆ ಇದೆ. ಬೇರೆ ಕಡೆ ನಿಧಿ ಸಿಕ್ಕರೂ ಸರ್ಕಾರಕ್ಕೆ ತಿಳಿಸಬೇಕು. 1878ರಲ್ಲಿ ಬ್ರಿಟಿಷರು ಮಾಡಿದ ಕಾಯ್ದೆಯಲ್ಲಂತೂ ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯದ್ದು ಸಿಕ್ಕರೆ ಕಲೆಕ್ಟರಿಗೆ ಹೇಳಬೇಕು ಅಂತಿತ್ತು.

"ಹತ್ತು ರೂಪಾಯಿ ಒಳಗಿನದು ಸಿಕ್ಕರೆ?" ಮಾಮ ಆಸೆಯಿಂದ ಕೇಳಿದ.

"ಟೀ ದುಡ್ಡು ಕೊಡು" ಅಂದರು ಲಾಯರು.

ಅಷ್ಟರಲ್ಲಿ ಅಳಿಯನ ಫೋನು ಬಂತು. ಗೌಡರು ಸ್ಪೀಕರ್ ಹಾಕಿದರು. ಮುದ್ದೆ, ಸ್ಕ್ರೂಡ್ರೈವರ್, ದಕ್ಷಿಣದ ಇಳಿಜಾರು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದರು. ಅವನು ಪಾಪ, ಕೊನೆವರೆಗೂ ಕೇಳಿಸಿಕೊಂಡ. ಆಮೇಲೆ, ಬೆಳಿಗ್ಗೆಯಿಂದ ಮತ್ತೆ ಹಿಮ ಬೀಳುತ್ತಿದೆ ಮಾವ ಅಂದ.

ಬೋರ್‌ವೆಲ್ ಮಾಮ ಫೋನ್ ಕಿತ್ತುಕೊಂಡ. "ಅಳಿಯಂದಿರೇ, ಅಲ್ಲಿ ಪಾಯಿಂಟ್ ನೋಡೋಕೆ ಯಾರಾದರೂ ಇದ್ದಾರಾ?"