ಅಪ್‌ಡೇಟ್: ಅಜ್ಜನ ಅಟ್ಟದಲ್ಲಿ ಸಿಕ್ಕ ಹಳೇ ಶೆಲ್

ಶಿಡ್ಲಘಟ್ಟದ ಅಜ್ಜನ ಮನೆ ಅಟ್ಟದಲ್ಲಿ ಹಿತ್ತಾಳೆ ಮೂತಿಯ ಫಿರಂಗಿ ಶೆಲ್ ಸಿಕ್ಕಿದೆ, ಮೂತಿ ಬಿಚ್ಚಬಹುದಾ ಅಂತ ಕೇಳಿದ್ದೆ. ಮುಟ್ಟಬೇಡಿ, ಪೊಲೀಸರಿಗೆ ಹೇಳಿ ಅಂದಿರಿ. 112ಕ್ಕೆ ಫೋನ್ ಮಾಡಿದೆ. ಬಾಂಬ್ ಪತ್ತೆ ದಳದವರು ಬಂದು ನೋಡಿದರು. ಒಳಗೆ ಮದ್ದಿಲ್ಲ, ಫ್ಯೂಸ್ (ಶೆಲ್ ಸಿಡಿಸುವ ಮೂತಿಯ ಭಾಗ) ಕೂಡ ಖಾಲಿ ಅಂತ ಬರೆದು ಕೊಟ್ಟರು. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಇದು ಮೊದಲ ಮಹಾಯುದ್ಧದ ಬ್ರಿಟಿಷ್ 18 ಪೌಂಡರ್ (ಸುಮಾರು 18 ಪೌಂಡ್ ತೂಕದ ಶೆಲ್ ಹಾರಿಸುವ) ಫಿರಂಗಿಯ ಶ್ರಾಪ್ನೆಲ್ ಶೆಲ್, ಅಂದರೆ ಒಳಗೆ ಸಣ್ಣ ಗುಂಡು ತುಂಬಿದ ಶೆಲ್. ಅಡ್ಡಳತೆ 84 ಮಿ.ಮೀ. ಮೂತಿಯಲ್ಲಿರುವುದು ನಂಬರ್ 80 ಟೈಮ್ ಫ್ಯೂಸ್, ಅಂದರೆ ಗೊತ್ತುಮಾಡಿದ ಸಮಯಕ್ಕೆ ಶೆಲ್ ಸಿಡಿಸುವಂಥದ್ದು. ಅದರ ಬಳೆಯ ಸುತ್ತ 22ರವರೆಗೆ ಗುರುತುಗಳಿವೆ. ನನಗೆ ಬೆರಗು ಹುಟ್ಟಿಸಿದ್ದು ಈ ಬಳೆಯೇ. ಇದರೊಳಗೆ ಗಡಿಯಾರದ ಯಂತ್ರ ಇಲ್ಲ! ಒಂದರ ಮೇಲೊಂದು ಎರಡು ಬಳೆ, ಅವುಗಳ ಕಾಲುವೆಯಲ್ಲಿ ಕರಿಮದ್ದು ಇರುತ್ತಿತ್ತು. ಫಿರಂಗಿ ಹಾರಿಸಿದ ಏಟಿಗೇ ಮದ್ದು ಹೊತ್ತಿಕೊಂಡು, ಊದುಬತ್ತಿಯ ಹಾಗೆ ಉರಿಯುತ್ತಾ ಹೋಗುತ್ತಿತ್ತು. ಕೆಳಗಿನ ಬಳೆ ತಿರುಗಿಸಿದರೆ ಉರಿಯುವ ದಾರಿ ಉದ್ದವೋ ಗಿಡ್ಡವೋ ಆಗುತ್ತಿತ್ತು. ಸಮಯ ಮುಗಿದಾಗ ಶೆಲ್ ಗಾಳಿಯಲ್ಲೇ ಸಿಡಿದು, ಸುಮಾರು 375 ಸೀಸದ ಗುಂಡುಗಳನ್ನು ಮುಂದಕ್ಕೆ ಎಸೆಯುತ್ತಿತ್ತು. ಎಷ್ಟು ಜಾಣ ಕೆಲಸ, ಎಷ್ಟು ಕ್ರೂರ ಕೆಲಸ ಅಲ್ವಾ?

ಈ ಫ್ಯೂಸಿನ ವಿನ್ಯಾಸದ ಮೂಲ ಜರ್ಮನಿಯ ಕ್ರುಪ್ ಕಂಪನಿಯದು. ಅದೇ ಜರ್ಮನರ ಮೇಲೆ ಬ್ರಿಟಿಷರು ಇದನ್ನು ಹಾರಿಸಿದರು.

ಟಿಪ್ಪುವಿನ ನಂದಿಬೆಟ್ಟದ ಕೋಟೆಗೆ ಬ್ರಿಟಿಷರು ಹಾಕಿದ 1791ರ ಮುತ್ತಿಗೆ ಕಾಲದಲ್ಲೂ ಫ್ಯೂಸ್ ಇತ್ತಾ ಅಂತ ಒಬ್ಬರು ಕೇಳಿದ್ದರು. ಆಗಿನ ಟೊಳ್ಳು ಗುಂಡುಗಳಿಗೆ ಮದ್ದು ತುಂಬಿದ ಮರದ ಕೊಳವೆ ಇರುತ್ತಿತ್ತು. ಬೇಕಾದ ಸಮಯಕ್ಕೆ ತಕ್ಕಂತೆ ಕತ್ತರಿಸುತ್ತಿದ್ದರು. ಗಟ್ಟಿ ಕಬ್ಬಿಣದ ಗುಂಡಿಗೆ ಫ್ಯೂಸೇ ಬೇಕಿರಲಿಲ್ಲ.

ಹಿತ್ತಾಳೆಗೆ ಪಾಲಿಶ್ ಹಾಕುವುದಿಲ್ಲ. ಕೊರೆದ ಅಕ್ಷರ ಸವೆದುಹೋಗುತ್ತವೆ.