ವಕೀಲಿಕೆಯಿಂದ ಸೈಬರ್ ಭದ್ರತಾ ನೀತಿಯ ಕಡೆಗೆ: ಹೋದವರ ಅನುಭವ

ಪ್ರಶ್ನೆ: ಎಂಟು ವರ್ಷಗಳಿಂದ ಒಪ್ಪಂದ ಮತ್ತು ವ್ಯಾಜ್ಯಗಳ ಕೆಲಸ ಮಾಡುತ್ತಿರುವ ವಕೀಲೆ ನಾನು. ಸರ್ಕಾರದ ಸೈಬರ್ ಭದ್ರತಾ ನೀತಿ ವಿಭಾಗವೊಂದರಲ್ಲಿ ಕಾನೂನು ಸಲಹೆಗಾರರ ಹುದ್ದೆಗೆ ಅರ್ಜಿ ಹಾಕಬೇಕೆಂದಿದ್ದೇನೆ. ಅದಕ್ಕೆ ಮುನ್ನ ತಾಂತ್ರಿಕ ಪದವಿಯೊಂದನ್ನು ಪಡೆಯಬೇಕೆ? ಬಲ್ಲವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಪದವಿ ಬೇಕಿಲ್ಲ ಎಂಬುದು ಇಂಥ ವಿಭಾಗದಲ್ಲಿ ಆರು ವರ್ಷ ದುಡಿದ ನನ್ನ ಅಭಿಪ್ರಾಯ. ಎಂಜಿನಿಯರುಗಳ ಕೆಲಸವನ್ನು ನಾವು ಮಾಡಬೇಕಾಗಿಲ್ಲ. ಅವರು ಆಡಿದ ಮಾತಿಗೆ ಕಾನೂನಿನಲ್ಲಿ ನಿಲ್ಲುವ ಪದ ಹುಡುಕಿಕೊಡಬೇಕು. ದತ್ತಾಂಶ ಸೋರಿಕೆಯ ವರದಿಗೆ ಇರುವ ಗಡುವನ್ನೇ ನೋಡಿ. ಐರೋಪ್ಯ ಒಕ್ಕೂಟದ ದತ್ತಾಂಶ ರಕ್ಷಣಾ ಕಾನೂನಾದ ಜಿಡಿಪಿಆರ್ ಪ್ರಕಾರ ಸೋರಿಕೆ ಅರಿವಿಗೆ ಬಂದ 72 ಗಂಟೆಗಳೊಳಗೆ ತಿಳಿಸಬೇಕು. ಸೈಬರ್ ದಾಳಿಗಳನ್ನು ನಿಭಾಯಿಸುವ ಭಾರತದ ಸರ್ಕಾರಿ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಹೊರಡಿಸಿದ ನಿರ್ದೇಶನ 6 ಗಂಟೆಗಳನ್ನಷ್ಟೇ ಕೊಡುತ್ತದೆ. ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ 2023ರ ನಿಯಮದಲ್ಲಿ 4 ಕೆಲಸದ ದಿನಗಳನ್ನು ಕೊಟ್ಟಿದ್ದರೂ, ಆ ಎಣಿಕೆ ಶುರುವಾಗುವುದು ದಾಳಿ ನಡೆದ ದಿನದಿಂದಲ್ಲ, ಅದು ಹೂಡಿಕೆದಾರರ ದೃಷ್ಟಿಯಲ್ಲಿ ಮಹತ್ವದ್ದೆಂದು ಕಂಪನಿ ತೀರ್ಮಾನಿಸಿದ ದಿನದಿಂದ. ಹಾಗಾದರೆ 'ಅರಿವಿಗೆ ಬರುವುದು' ಎಂದರೆ ರಾತ್ರಿ ಪಾಳಿಯ ತಂತ್ರಜ್ಞನಿಗೆ ಅನುಮಾನ ಹುಟ್ಟಿದ ಗಳಿಗೆಯೋ, ಆಡಳಿತ ಮಂಡಳಿಗೆ ಟಿಪ್ಪಣಿ ತಲುಪಿದ ಗಳಿಗೆಯೋ? ಇದೊಂದರ ಮೇಲೆ ನಾವು ಮೂರು ಸಭೆಗಳನ್ನು ಕಳೆದಿದ್ದೇವೆ. ಒಪ್ಪಂದಗಳನ್ನು ತಿದ್ದಿ ಪಳಗಿದವರಿಗೆ ಈ ಜಗಳ ಹೊಸದೇನಲ್ಲ.

ಎರಡನೆಯ ಉತ್ತರ: ಮೇಲಿನವರ ಮಾತನ್ನು ಅರ್ಧ ಒಪ್ಪುತ್ತೇನೆ. ನಾನು ಸೇರಿದ ಮೊದಲ ವರ್ಷ ಕಚೇರಿಯೊಂದರ ಮೇಲೆ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಯಾದಾಗ, ಸೇವೆ ಬೇಗ ಮರಳಬೇಕೆಂದು ಸರ್ವರುಗಳನ್ನು ಪೂರ್ತಿ ಅಳಿಸಿ ಮತ್ತೆ ಕಟ್ಟಲು ತಾಂತ್ರಿಕ ತಂಡ ಹೊರಟಿತು. ಅಳಿಸುವ ಮೊದಲು ಡಿಸ್ಕಿನ ಯಥಾಪ್ರತಿ ತೆಗೆದಿರಿಸಿ, ಯಾರು ಯಾವಾಗ ಏನು ಮಾಡಿದರೆಂದು ಯಂತ್ರ ದಾಖಲಿಸಿಟ್ಟ ಲಾಗ್‌ಗಳನ್ನು ಬೇರೆಡೆ ಕಾಪಿಡಿ ಎಂದು ಹೇಳಬೇಕಾಗಿದ್ದವಳು ನಾನೇ, ನನಗೆ ಹೊಳೆಯಲಿಲ್ಲ. ದಾಳಿಕೋರರು ಎಲ್ಲಿಂದ ಒಳನುಗ್ಗಿದರೆಂಬ ಪುರಾವೆ ಅಂದೇ ಅಳಿದುಹೋಯಿತು. ಪದವಿ ಬೇಡ, ಆದರೆ ಅಣಕು ದಾಳಿಯ ತಾಲೀಮುಗಳಲ್ಲಿ ಒಂದೆರಡು ಬಾರಿಯಾದರೂ ತಂತ್ರಜ್ಞರ ಪಕ್ಕದಲ್ಲಿ ಕುಳಿತು ನೋಡಿ.

ಮೂರನೆಯ ಉತ್ತರ: ಸರ್ಕಾರಿ ಸೇವೆಯ ಬಗ್ಗೆ ಯಾರೂ ಹೇಳಲಿಲ್ಲ. ಹಿನ್ನೆಲೆ ಪರಿಶೀಲನೆಗೆ ತಿಂಗಳುಗಳೇ ಹಿಡಿಯಬಹುದು. ಆದೇಶ ಕೈಗೆ ಬರುವ ತನಕ ಈಗಿನ ಕೆಲಸ ಬಿಡಬೇಡಿ. ನೀವು ಬರೆದ ಕರಡು ಬೇರೆಯವರ ಸಹಿಯಲ್ಲಿ ಹೊರಬೀಳುತ್ತದೆ, ಅದೂ ಗುರುತು ಸಿಗದಷ್ಟು ತಿದ್ದಿಸಿಕೊಂಡು. ಸೇವೆ ಬಿಟ್ಟ ಮೇಲೆ ಅದೇ ಇಲಾಖೆಯ ಎದುರು ಕಕ್ಷಿದಾರರ ಪರ ನಿಲ್ಲಲು ಎಷ್ಟು ಕಾಲ ನಿರ್ಬಂಧವಿದೆ ಎಂಬುದನ್ನು ಮಾತ್ರ ಸೇರುವ ಮೊದಲೇ ಲಿಖಿತವಾಗಿ ಕೇಳಿ ಪಡೆದುಕೊಳ್ಳಿ. ನಾನು ಕೇಳಿರಲಿಲ್ಲ.